ಸೆರೆಯಾಳಿನ ಕಾಗದವೂ ನ್ಯಾಯಾಲಯದ ಜರಡಿಯೂ

ಸೆರೆಮನೆಯ ಬಾಗಿಲು ಮುಚ್ಚಿದೊಡನೆ ಮನುಷ್ಯನ ಹಕ್ಕುಗಳೆಲ್ಲವೂ ಹೊರಗೇ ಉಳಿದುಬಿಡುತ್ತವೆಂದು ನಮ್ಮಲ್ಲಿ ಹಲವರ ತಿಳಿವಳಿಕೆ. ಇದು ಸರಿಯಲ್ಲ. ತನ್ನ ಇಚ್ಛೆಯಂತೆ ಓಡಾಡುವ ಸ್ವಾತಂತ್ರ್ಯ ಹೋಗುತ್ತದೆ. ಅದರ ಜೊತೆಗೆ ಸೆರೆವಾಸಕ್ಕೆ ಹೊಂದದ ಇನ್ನು ಕೆಲವು ಸ್ವಾತಂತ್ರ್ಯಗಳೂ ಹೋಗುತ್ತವೆ. ಮಿಕ್ಕವು ಅವನ ಬಳಿಯಲ್ಲಿಯೇ ಇರುತ್ತವೆ. ವಿಶಾಖಪಟ್ಟಣದ ಜೈಲಿನಲ್ಲಿದ್ದ ಬಂದಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೧೯೭೪ರಲ್ಲಿಯೇ ಈ ಮಾತನ್ನು ಸ್ಪಷ್ಟಪಡಿಸಿತು. ಆದರೆ ಹಕ್ಕು ಇರುವುದು ಬೇರೆ, ಅದನ್ನು ಕೇಳುವ ದಾರಿ ಇರುವುದು ಬೇರೆ. ನಮ್ಮ ಸಂವಿಧಾನದ ೩೨ನೆಯ ಅನುಚ್ಛೇದದಂತೆ ಸುಪ್ರೀಂ ಕೋರ್ಟಿಗೂ ೨೨೬ನೆಯ ಅನುಚ್ಛೇದದಂತೆ ಹೈಕೋರ್ಟಿಗೂ ಯಾರು ಬೇಕಾದರೂ ಹೋಗಬಹುದೆಂದು ತರಗತಿಯಲ್ಲಿ ಓದಿದ್ದೇವೆ. ವಕೀಲರಿಗೆ ಕೊಡಲು ಕಾಸಿಲ್ಲದೆ, ಹೊರಗೆ ಓಡಾಡುವ ಬಂಧುಗಳಿಲ್ಲದೆ, ನಾಲ್ಕು ಗೋಡೆಗಳ ನಡುವೆ ಕುಳಿತ ಮನುಷ್ಯನೊಬ್ಬ ತನ್ನ ಕೈಯಾರೆ ಒಂದು ಕಾಗದ ಬರೆದು ಕಳುಹಿಸಿದರೆ ಅದನ್ನು ಯಾರು ಓದುತ್ತಾರೆ? ಯಾವುದನ್ನು ಇಟ್ಟುಕೊಂಡು ಯಾವುದನ್ನು ತಳ್ಳುತ್ತಾರೆ? ನಾನು ಕಾನೂನಿನ ವಿದ್ಯಾರ್ಥಿಯಲ್ಲ, ರಾಜ್ಯಶಾಸ್ತ್ರವನ್ನು ಓದುತ್ತಿರುವ ಅಂತಿಮ ಬಿ.ಎ. ವಿದ್ಯಾರ್ಥಿ. ಆದರೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲವಾದ್ದರಿಂದ ತಿಳಿದುಕೊಂಡಷ್ಟನ್ನು ಸಹಪಾಠಿ ಮಿತ್ರರ ಮತ್ತು ಅಧ್ಯಾಪಕರ ಮುಂದೆ ಇಡುತ್ತಿದ್ದೇನೆ.

ದೂರದ ಉದಾಹರಣೆಗೆ ಹೋಗಬೇಕಾಗಿಲ್ಲ. ೧೯೮೪ರ ಏಪ್ರಿಲ್ ತಿಂಗಳಿನಲ್ಲಿ ಬೆಂಗಳೂರಿನ ಕೇಂದ್ರ ಕಾರಾಗೃಹದಿಂದ ರಾಮಮೂರ್ತಿ ಎಂಬ ಬಂದಿ ಭಾರತದ ಮುಖ್ಯ ನ್ಯಾಯಾಧೀಶರಿಗೆ ಒಂದು ಕಾಗದ ಬರೆದ. ಈಗಿನ ಪರಪ್ಪನ ಅಗ್ರಹಾರದ ಜೈಲಲ್ಲ. ಊರ ನಡುವೆ ಇದ್ದ, ಈಗ ಸ್ವಾತಂತ್ರ್ಯ ಉದ್ಯಾನವಾಗಿರುವ ಹಳೆಯ ಜೈಲು. ಕಾಗದದ ವಿಷಯವೇನು? ದುಡಿದದ್ದಕ್ಕೆ ಸರಿಯಾದ ಕೂಲಿಯಿಲ್ಲ, ಊಟ ಸರಿಯಿಲ್ಲ, ಬಂದಿಗಳನ್ನು ನಡೆಸಿಕೊಳ್ಳುವ ರೀತಿ ಸರಿಯಿಲ್ಲ ಎಂಬುದಷ್ಟೇ. ಸಂವಿಧಾನದ ಗಹನವಾದ ಪ್ರಶ್ನೆ ಯಾವುದೂ ಮೇಲ್ನೋಟಕ್ಕೆ ಅದರಲ್ಲಿ ಕಾಣುವುದಿಲ್ಲ. ಅಂತಹ ಕಾಗದವನ್ನು ಕಸದ ಬುಟ್ಟಿಗೆ ಹಾಕಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆದರೆ ಸುಪ್ರೀಂ ಕೋರ್ಟು ಅದನ್ನೇ ರಿಟ್ ಅರ್ಜಿಯೆಂದು ಎತ್ತಿಕೊಂಡಿತು. ಮುಂದೆ ಬೆಂಗಳೂರಿನ ಜಿಲ್ಲಾ ನ್ಯಾಯಾಧೀಶರಿಗೆ, ನೀವೇ ಜೈಲಿಗೆ ಹೋಗಿ ಕೂಲಿ ಹೇಗೆ ಕೊಡುತ್ತಿದ್ದಾರೆ, ಬಂದಿಗಳ ಸ್ಥಿತಿಗತಿ ಹೇಗಿದೆ ಎಂಬುದನ್ನು ಕಣ್ಣಾರೆ ಕಂಡು ವರದಿ ಮಾಡಿ ಎಂದು ಆಜ್ಞೆ ಮಾಡಿತು. ಅವರು ಒಪ್ಪಿಸಿದ ವರದಿ ಮುನ್ನೂರು ಪುಟಗಳನ್ನು ಮೀರಿತ್ತು.

ಈ ಒಂದು ಕ್ರಮವನ್ನು ವಾಚಕರು ಸ್ವಲ್ಪ ಗಮನವಿಟ್ಟು ನೋಡಬೇಕೆಂದು ಬೇಡುತ್ತೇನೆ. ಬಂದಿ ಹೇಳಿದ್ದೆಲ್ಲ ನಿಜವೆಂದು ಕೋರ್ಟು ನಂಬಲಿಲ್ಲ. ಸುಳ್ಳೆಂದು ತಳ್ಳಲೂ ಇಲ್ಲ. ಕಾಗದದ ಮೇಲೆ ಕುಳಿತು ತೀರ್ಮಾನ ಮಾಡುವುದಕ್ಕೆ ಬದಲಾಗಿ ಒಬ್ಬ ನ್ಯಾಯಾಧೀಶರನ್ನು ಕಳುಹಿಸಿ ನೋಡಿಸಿತು. ಅಂತಿಮ ತೀರ್ಪನ್ನು ೧೯೯೬ರ ಡಿಸೆಂಬರ್ ೨೩ರಂದು ನ್ಯಾಯಮೂರ್ತಿ ಹನ್ಸಾರಿಯಾ ಅವರು ಬರೆದರು. ಅಷ್ಟು ಹೊತ್ತಿಗೆ ಬೆಂಗಳೂರಿನ ಒಂದು ಜೈಲಿನ ದೂರು ಇಡೀ ದೇಶದ ಜೈಲುಗಳ ವಿಚಾರವಾಗಿ ಬೆಳೆದಿತ್ತು. ಮಿತಿಮೀರಿದ ಜನಸಂದಣಿ, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯದ ಅಲಕ್ಷ್ಯ, ಸಾಲದ ಊಟ ಬಟ್ಟೆ, ಜೈಲಿನೊಳಗಿನ ದುಶ್ಚಟಗಳು, ಹೊರಗಿನವರೊಡನೆ ಸಂಪರ್ಕದ ಕೊರತೆ, ಭೇಟಿಯ ವ್ಯವಸ್ಥೆ, ಬಯಲು ಬಂದೀಖಾನೆಗಳ ಆಡಳಿತ ಎಂದು ಒಂಬತ್ತು ಸಮಸ್ಯೆಗಳನ್ನು ತೀರ್ಪು ಒಂದೊಂದಾಗಿ ಪರಿಶೀಲಿಸಿತು. ೧೮೯೪ರ ಕಾರಾಗೃಹ ಕಾಯಿದೆಯ ಜಾಗದಲ್ಲಿ ಹೊಸ ಕಾಯಿದೆ ಬರಬೇಕೆಂದಿತು. ಊಟದ ದೂರಿನಿಂದ ಹೊರಟ ಕಾಗದ ತಲಪಿದ ಜಾಗ ಇದು. ತಲಪಲು ಹಿಡಿದ ಕಾಲ ಹನ್ನೆರಡು ವರ್ಷ ಎಂಟು ತಿಂಗಳು ಎಂಬುದನ್ನೂ ಹೇಳದೆ ವಿಧಿಯಿಲ್ಲ.

ಕಾಗದವನ್ನೇ ಅರ್ಜಿಯೆಂದು ಸ್ವೀಕರಿಸುವ ಪದ್ಧತಿ ಆಗ ಹೊಸದಾಗಿತ್ತು. ೧೯೭೯ರಲ್ಲಿ ದೆಹಲಿಯ ತಿಹಾರ್ ಜೈಲಿನಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಸುನಿಲ್ ಬಾತ್ರಾ ಎಂಬ ಬಂದಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರಿಗೆ ಒಂದು ಕಾಗದ ಗೀಚಿದ. ತನ್ನ ವಿಷಯವಾಗಿ ಅಲ್ಲ. ಜೊತೆಯ ಬಂದಿಯೊಬ್ಬನ ಮನೆಯವರಿಂದ ಹಣ ಕೀಳುವುದಕ್ಕಾಗಿ ಜೈಲಿನ ವಾರ್ಡರು ಆ ಬಂದಿಗೆ ಅಮಾನುಷವಾದ ಹಿಂಸೆ ಕೊಟ್ಟನೆಂದು. ಸ್ಟಾಂಪಿಲ್ಲ, ಪ್ರಮಾಣಪತ್ರವಿಲ್ಲ, ವಕಾಲತ್ತಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಅದನ್ನೇ ಹೇಬಿಯಸ್ ಕಾರ್ಪಸ್ ಅರ್ಜಿಯೆಂದು ಪರಿಗಣಿಸಿ, ಇಬ್ಬರು ವಕೀಲರನ್ನು ಕೋರ್ಟಿನ ಸಹಾಯಕ್ಕೆ ನೇಮಿಸಿ, ಜೈಲಿನೊಳಗೆ ಹೋಗಿ ನೋಡಿಬರುವ ಅಧಿಕಾರವನ್ನು ಅವರಿಗೆ ಕೊಟ್ಟಿತು. ಇಲ್ಲಿಯೂ ಕ್ರಮ ಅದೇ: ಹೋಗಿ ನೋಡುವುದು.

ಒಂದು ಬಾಗಿಲು ತೆರೆದರೆ ಸಾವಿರ ಜನ ಬರುತ್ತಾರೆ. ಜಮೀನಿನ ತಕರಾರು, ಬಾಡಿಗೆಯ ಜಗಳ, ನೌಕರಿಯ ವರ್ಗಾವಣೆ ಎಲ್ಲವೂ ಕಾಗದಗಳಾಗಿ ದೆಹಲಿಗೆ ಹೋಗತೊಡಗಿದವು. ಆದುದರಿಂದ ಸುಪ್ರೀಂ ಕೋರ್ಟು ೧೯೮೮ರ ಡಿಸೆಂಬರಿನಲ್ಲಿ ಒಂದು ಮಾರ್ಗಸೂಚಿಯನ್ನು ಮಾಡಿತು. ಅದರಂತೆ ಬಂದ ಕಾಗದಗಳನ್ನು ಮೊದಲು ಕೋರ್ಟಿನ ಕಚೇರಿಯ ಒಂದು ವಿಭಾಗ ಓದುತ್ತದೆ. ಗೊತ್ತುಮಾಡಿದ ಹತ್ತು ವರ್ಗಗಳಲ್ಲಿ ಯಾವುದಕ್ಕಾದರೂ ಸೇರಿದ ಕಾಗದ ಮಾತ್ರ ಮುಖ್ಯ ನ್ಯಾಯಾಧೀಶರು ನೇಮಿಸಿದ ನ್ಯಾಯಮೂರ್ತಿಗಳ ಮುಂದೆ ಹೋಗುತ್ತದೆ. ಜೀತ, ಕನಿಷ್ಠ ಕೂಲಿ, ಹೆಂಗಸರ ಮೇಲಿನ ದೌರ್ಜನ್ಯ ಮೊದಲಾದುವುಗಳ ಜೊತೆಗೆ ಜೈಲಿನಿಂದ ಬರುವ ಕಿರುಕುಳದ ದೂರು, ಜೈಲಿನಲ್ಲಾದ ಸಾವು, ಬೇಗ ವಿಚಾರಣೆ ನಡೆಸಬೇಕೆಂಬ ಕೋರಿಕೆ ಇವೂ ಒಂದು ವರ್ಗ. ಆದರೆ ಇದಕ್ಕೆ ಒಂದು ಟಿಪ್ಪಣಿಯಿದೆ. ಅವಧಿಗೆ ಮುಂಚೆ ಬಿಡುಗಡೆ, ಪೆರೋಲು ಇಂಥವನ್ನು ಆಯಾ ಹೈಕೋರ್ಟಿಗೆ ಕಳುಹಿಸಬೇಕು. ಜೈಲಿನ ಅಧಿಕಾರಿಗಳ ಮೇಲಿನ ದೂರನ್ನೂ ಹೈಕೋರ್ಟೇ ನೋಡಬಹುದು. ಹಿಂಸೆ, ಬಂಧನದಲ್ಲಿ ಸಾವು ಮುಂತಾದ ಗಂಭೀರ ಆರೋಪವಾದರೆ ಮಾತ್ರ ಸುಪ್ರೀಂ ಕೋರ್ಟು ನೇರವಾಗಿ ಎತ್ತಿಕೊಳ್ಳಬಹುದು. ಮುಂದೆ ೨೦೧೦ರಲ್ಲಿ ಪ್ರತಿಯೊಂದು ಹೈಕೋರ್ಟೂ ತನ್ನದೇ ನಿಯಮಗಳನ್ನು ಮಾಡಿಕೊಳ್ಳಬೇಕೆಂದು ಸುಪ್ರೀಂ ಕೋರ್ಟು ಹೇಳಿತು. ನಮ್ಮ ಕರ್ನಾಟಕ ಹೈಕೋರ್ಟಿನ ಸಾರ್ವಜನಿಕ ಹಿತಾಸಕ್ತಿ ನಿಯಮಗಳು ೨೦೧೮ರಲ್ಲಿ ಬಂದವು.

ಜರಡಿ ಬೇಡವೆಂದು ನಾನು ಹೇಳುವವನಲ್ಲ. ರಾಗಿಯನ್ನು ಕೇರದೆ ಬೀಸಲು ಹಾಕುವವರುಂಟೆ? ಆದರೆ ಕೇರುವವಳ ಕೈ ಅಳ್ಳಕವಾದರೆ ಜೊಳ್ಳಿನ ಜೊತೆಗೆ ಗಟ್ಟಿಕಾಳೂ ಹಾರುತ್ತದೆ. ಕಾಗದದಲ್ಲಿ ಯಾವುದು ಜೊಳ್ಳು, ಯಾವುದು ಕಾಳು ಎಂಬುದನ್ನು ತಿಳಿಯುವುದು ಎಷ್ಟು ಕಷ್ಟವೆಂಬುದನ್ನು ನಾನು ಸ್ವಲ್ಪಮಟ್ಟಿಗೆ ಬಲ್ಲೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ಆದಕಾರಣ ಜನ್ನಾಪುರದ ನಮ್ಮ ಬೀದಿಯಲ್ಲಿ ಯಾರಿಗಾದರೂ ಪಿಂಚಣಿಗೋ ರೇಷನ್ ಕಾರ್ಡಿಗೋ ಅರ್ಜಿ ಬೇಕಾದರೆ, “ಓದಿದೋನು ನೀನು, ಒಂದೆರಡು ಸಾಲು ಬರಕೊಡಪ್ಪ” ಎಂದು ನಮ್ಮ ಜಗುಲಿಗೆ ಬರುತ್ತಾರೆ. ಒಬ್ಬ ಅಜ್ಜಿಯ ಅರ್ಜಿಯನ್ನು ನೆನೆಸಿಕೊಳ್ಳುತ್ತೇನೆ. ಗಂಡ ಕಾರ್ಖಾನೆಯಲ್ಲಿ ಕಂತ್ರಾಟು ಕೂಲಿಯಾಗಿದ್ದದ್ದು, ಅವನು ಸತ್ತದ್ದು, ಸೊಸೆ ತವರಿಗೆ ಹೋದದ್ದು, ಮನೆಯ ಹಂಚು ಸೋರುವುದು, ಕಚೇರಿಯೊಂದರ ಗುಮಾಸ್ತ ತನ್ನನ್ನು ಏಕವಚನದಲ್ಲಿ ಕರೆದದ್ದು, ಇಷ್ಟೆಲ್ಲವೂ ಆಗಿ ನಾನು ಎರಡು ಹಾಳೆ ತುಂಬಿಸಿದ ಮೇಲೆ, “ಮೂರು ತಿಂಗಳಿಂದ ದುಡ್ಡು ಬಂದಿಲ್ಲ ನೋಡು ಮಗ” ಎಂದರು. ಅರ್ಜಿಯ ವಿಷಯ ಅದೇ! ಮೊದಲ ಹಾಳೆಯನ್ನಷ್ಟೇ ಓದಿ ತೀರ್ಮಾನಿಸುವ ಅಧಿಕಾರಿಗೆ ಆ ಅಜ್ಜಿಗೆ ಯಾವ ತೊಂದರೆಯೆಂಬುದೇ ತಿಳಿಯುವಂತಿರಲಿಲ್ಲ. ಓದುಬರಹ ಕಡಮೆಯಾದವರು ಕಷ್ಟವನ್ನು ಕಷ್ಟ ಬಂದ ಕ್ರಮದಲ್ಲಿ ಹೇಳುತ್ತಾರೆ; ಕಾನೂನು ಕೇಳುವ ಕ್ರಮದಲ್ಲಿ ಅಲ್ಲ. ಸೆರೆಯಾಳಿನ ಕಾಗದವೂ ಇದೇ ಜಾತಿಯದೆಂದು ಊಹಿಸುವುದು ಕಷ್ಟವಲ್ಲ.

ನಮ್ಮ ಶಾಸನಕರ್ತರಿಗೆ ಈ ಸೂಕ್ಷ್ಮ ತಿಳಿದಿರಲಿಲ್ಲವೆಂದಲ್ಲ. ಹಕ್ಕಿನ ದೂರು ಬೇರೆ, ಶಿಕ್ಷೆಯ ಮೇಲಿನ ಮೇಲ್ಮನವಿ ಬೇರೆ. ಆದರೆ ಮೇಲ್ಮನವಿಯ ವಿಷಯದಲ್ಲಿರುವ ಒಂದು ಏರ್ಪಾಡು ಇಲ್ಲಿ ಪ್ರಸ್ತುತ. ೧೯೭೩ರ ದಂಡಪ್ರಕ್ರಿಯಾ ಸಂಹಿತೆಯ ೩೮೩ನೆಯ ಕಲಮಿನಂತೆ ಬಂದಿಯು ಮೇಲ್ಮನವಿಯನ್ನು ಜೈಲಿನ ಅಧಿಕಾರಿಯ ಕೈಗೆ ಕೊಟ್ಟರೆ ಸಾಕು, ಅವರೇ ಅದನ್ನು ಕೋರ್ಟಿಗೆ ಕಳುಹಿಸಬೇಕು. ಮುಂದಿನ ಕಲಮಿನಲ್ಲಿ, ಹೀಗೆ ಜೈಲಿನಿಂದ ಬಂದ ಮೇಲ್ಮನವಿಯನ್ನು ಮೇಲ್ಮನವಿಯ ಅವಧಿ ಮುಗಿಯುವ ಮೊದಲೇ ಸಂಕ್ಷೇಪವಾಗಿ ತಳ್ಳಿಹಾಕಕೂಡದೆಂದಿದೆ. ಅದು ಹುರುಳಿಲ್ಲದ್ದೆಂದೋ, ಬಂದಿಯನ್ನು ಕರೆಸುವುದು ವಿಪರೀತ ತೊಡಕೆಂದೋ ಕಂಡರೆ ಹೊರತು, ಅವನ ಮಾತನ್ನು ಕೇಳದೆಯೂ ತಳ್ಳಕೂಡದು. ಅಷ್ಟೇ ಅಲ್ಲ, ಅದು ವಜಾ ಆದ ಮೇಲೂ ಅದೇ ಬಂದಿಯ ಪರವಾಗಿ ವಕೀಲರು ಸಲ್ಲಿಸಿದ ಇನ್ನೊಂದು ಮೇಲ್ಮನವಿ ಪರಿಶೀಲನೆಯಾಗದೆ ಉಳಿದಿದ್ದರೆ, ನ್ಯಾಯದ ಹಿತಕ್ಕೆ ಅಗತ್ಯವೆಂದು ಕಂಡಲ್ಲಿ ಕೋರ್ಟು ಅದನ್ನು ಕೇಳಬಹುದು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿಯೂ ಈ ಏರ್ಪಾಡನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ವಕೀಲರಿಲ್ಲದ ಕಾಗದ ಬಲಹೀನವಾದದ್ದು, ಅದಕ್ಕೆ ಇನ್ನೊಂದು ಅವಕಾಶ ಬೇಕು ಎಂಬ ಅರಿವು ಇಲ್ಲಿ ಕಾಣುತ್ತದೆ.

ವಕೀಲರಿದ್ದ ಬಂದಿಗಳೂ ಬೆಂಗಳೂರಿನ ಅದೇ ಜೈಲಿನಲ್ಲಿದ್ದರು. ೧೯೭೫ರಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ಬಂಧಿತರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರು ಕರ್ನಾಟಕ ಹೈಕೋರ್ಟಿಗೆ ಅರ್ಜಿ ಹಾಕಿದರು. ಅವರ ಪರವಾಗಿ ದುಡಿದವರಲ್ಲಿ ನಮ್ಮ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಆರಗದವರಾದ ರಾಮಾ ಜೋಯಿಸರೂ ಒಬ್ಬರು. ಕೊನೆಗೆ ಅವರೇ ಅದೇ ಜೈಲು ಸೇರಬೇಕಾಯಿತು. ಮುಂದೆ ೧೯೭೬ರ ಏಪ್ರಿಲ್ ೨೮ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಇಂತಹ ಅರ್ಜಿಗಳು ನಿಲ್ಲುವುದೇ ಇಲ್ಲವೆಂದುಬಿಟ್ಟರು. ಆ ತೀರ್ಪನ್ನು ಸುಪ್ರೀಂ ಕೋರ್ಟೇ ೨೦೧೭ರಲ್ಲಿ ತೊಡೆದುಹಾಕಿತು. ಅವರೂ ಸೋತರೆಂಬುದು ನಿಜ. ಆದರೂ ವಾದ ಮಾಡಿ, ಪೀಠದ ಮುಂದೆ ನಿಂತು ಸೋತರು. ರಾಮಮೂರ್ತಿಯಂಥವರು ಸೋಲುವುದಾದರೆ ಒಂದು ಮೇಜಿನ ಮೇಲೆ, ಸದ್ದಿಲ್ಲದೆ ಸೋಲುತ್ತಾರೆ.

ಈ ಜರಡಿಯನ್ನು ಅತ್ಯಂತ ಬಿಗಿಯಾಗಿ ಹೆಣೆದಿರುವ ದೇಶ ಅಮೆರಿಕ. ಅಲ್ಲಿಯೂ ಮೊದಲು ಉದಾರವಾದ ಕಾಲವೊಂದಿತ್ತು. ಫ್ಲಾರಿಡಾದ ಸೆರೆಯಾಳು ಕ್ಲಾರೆನ್ಸ್ ಗಿಡಿಯನ್ ಪೆನ್ಸಿಲಿನಲ್ಲಿ ಬರೆದು ಕಳುಹಿಸಿದ ಅರ್ಜಿಯಿಂದಲೇ, ಗುರುತರವಾದ ಅಪರಾಧದ ವಿಚಾರಣೆಯಲ್ಲಿ ಬಡ ಆರೋಪಿಗೆ ವಕೀಲರನ್ನು ಒದಗಿಸಬೇಕೆಂಬ ೧೯೬೩ರ ತೀರ್ಪು ಹುಟ್ಟಿತು. ೧೯೭೨ರಲ್ಲಿ ಹೇನ್ಸ್ ಎಂಬ ಬಂದಿಯ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ವಕೀಲರಿಲ್ಲದೆ ಬಂದಿ ಬರೆದ ಫಿರ್ಯಾದನ್ನು ವಕೀಲರು ಬರೆದದ್ದರ ಅಳತೆಗೋಲಿನಿಂದ ಅಳೆಯಕೂಡದೆಂದಿತು. ಆದರೆ ೧೯೯೫ರ ಹೊತ್ತಿಗೆ ಅಲ್ಲಿನ ಕೇಂದ್ರ ನ್ಯಾಯಾಲಯಗಳಿಗೆ ಬಂದಿಗಳಿಂದ ವರ್ಷಕ್ಕೆ ಸುಮಾರು ೪೦ ಸಾವಿರ ಹಕ್ಕಿನ ದಾವೆಗಳು ಬರುತ್ತಿದ್ದವು. ೧೯೯೬ರ ಏಪ್ರಿಲ್ ೨೬ರಂದು ಬಂದಿಗಳ ದಾವೆಗಳನ್ನು ಹತೋಟಿಗೆ ತರುವ ಕಾಯಿದೆ ಬಂದಿತು. ನಮ್ಮಲ್ಲಿ ರಾಮಮೂರ್ತಿಯ ತೀರ್ಪು ಬಂದದ್ದೂ ಅದೇ ವರ್ಷವೆಂಬುದನ್ನು ನೋಡಿ ನನಗೆ ಆಶ್ಚರ್ಯವಾಯಿತು.

ಆ ಕಾಯಿದೆಯ ಕ್ರಮ ಹೀಗೆ. ಬಂದಿಯ ದಾವೆ ಬಂದೊಡನೆ, ಎದುರುಪಕ್ಷಕ್ಕೆ ನೋಟೀಸು ಹೋಗುವ ಮುನ್ನವೇ, ಕೋರ್ಟು ಅದನ್ನು ಓದಬೇಕು. ಹುರುಳಿಲ್ಲದ್ದು, ದುರುದ್ದೇಶದ್ದು, ಕಾನೂನು ಪರಿಹಾರ ಕೊಡಬಹುದಾದ ಸಂಗತಿಯನ್ನೇ ಹೇಳದಿರುವಂಥದು, ಅಥವಾ ಕಾನೂನಿನ ರಕ್ಷಣೆಯಿರುವವರಿಂದ ಹಣ ಕೇಳುವಂಥದು ಆದರೆ ಅಲ್ಲಿಯೇ ವಜಾ. ದಾವೆ ಹೂಡುವ ಮೊದಲು ಜೈಲಿನೊಳಗಿನ ದೂರಿನ ಮೆಟ್ಟಿಲುಗಳನ್ನೆಲ್ಲ ಹತ್ತಿ ಮುಗಿಸಿರಬೇಕು. ಅಲ್ಲಿ ಗೊತ್ತುಮಾಡಿದ ದಿನ ತಪ್ಪಿದರೆ ಕೋರ್ಟಿನ ಬಾಗಿಲೂ ಮುಚ್ಚಿದಂತೆಯೇ ಎಂದು ೨೦೦೬ರ ತೀರ್ಪೊಂದು ಹೇಳಿತು. ಬಡವನೆಂದು ಶುಲ್ಕದಿಂದ ವಿನಾಯಿತಿಯಿಲ್ಲ. ಈಗ ೩೫೦ ಡಾಲರಾಗಿರುವ ಶುಲ್ಕವನ್ನು ಅವನ ಜೈಲಿನ ಖಾತೆಗೆ ಬರುವ ಹಣದಲ್ಲಿ ನೂರಕ್ಕೆ ಇಪ್ಪತ್ತರಂತೆ ಕಂತಿನಲ್ಲಿ ಮುರಿದುಕೊಳ್ಳುತ್ತಾರೆ. ಮೂರು ಸಲ ದಾವೆ ಹೀಗೆ ವಜಾ ಆದರೆ, ಮೈಗೆ ಗಂಭೀರವಾದ ಅಪಾಯ ಒದಗಿರುವ ಹೊರತು, ಆಮೇಲೆ ಕಂತಿನ ಸೌಲಭ್ಯವೂ ಇಲ್ಲ.

ಈ ಕಾಯಿದೆ ಬೇಕೆಂದು ವಾದಿಸಿದವರು ಒಂದು ಕಥೆಯನ್ನು ಹೇಳಿ ಜನರನ್ನು ನಗಿಸುತ್ತಿದ್ದರು. ತಾನು ಕೇಳಿದ ತರಿತರಿಯಾದ ಕಡಲೆಕಾಯಿ ಬೆಣ್ಣೆಗೆ ಬದಲಾಗಿ ನುಣುಪಾದದ್ದು ಬಂದಿತೆಂದು ಸೆರೆಯಾಳೊಬ್ಬ ಸರ್ಕಾರದ ಮೇಲೆ ದಾವೆ ಹೂಡಿದನಂತೆ! ಜಾನ್ ನ್ಯೂಮನ್ ಎಂಬ ನ್ಯಾಯಾಧೀಶರು ಮೂಲ ದಾಖಲೆಯನ್ನು ತೆಗೆದು ನೋಡಿದರು. ಆ ಬಂದಿ ಜೈಲಿನ ಅಂಗಡಿಯಲ್ಲಿ ತನ್ನ ಹಣದಿಂದ ಕೊಂಡ ಡಬ್ಬಿಗಳಲ್ಲಿ ಒಂದು ಬೇರೆ ಬಗೆಯದಾಗಿತ್ತು. ಬದಲಾಯಿಸಿ ಕೊಡುವೆವೆಂದು ಅದನ್ನು ಹಿಂದಕ್ಕೆ ತೆಗೆದುಕೊಂಡರು. ಅಷ್ಟರಲ್ಲಿ ಅವನನ್ನು ಬೇರೆ ಜೈಲಿಗೆ ಸಾಗಿಸಿದರು. ಡಬ್ಬಿಯೂ ಇಲ್ಲ, ಖಾತೆಯಲ್ಲಿ ಮುರಿದುಕೊಂಡ ಎರಡೂವರೆ ಡಾಲರೂ ಇಲ್ಲ. ಅವನ ದೂರು ರುಚಿಯದಲ್ಲ, ಹಣದ್ದು. ಎರಡೂವರೆ ಡಾಲರಿಗೆ ಕೇಂದ್ರ ನ್ಯಾಯಾಲಯ ಬೇಕೇ ಎಂದು ಕೇಳಬಹುದು, ಅದು ಸರಿಯಾದ ಪ್ರಶ್ನೆಯೇ. ಆದರೆ ನಗುವುದಕ್ಕೆ ಮುಂಚೆ ಎರಡನೆಯ ಹಾಳೆಯನ್ನು ಓದಬೇಕಾಗಿತ್ತು. ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕುವವನಿಗೆ ಕಡೆಗೆ ಸೂಜಿಯೇ ಬೇಡವೆನಿಸಿಬಿಡುವುದೆಂಬ ಅರ್ಥದ ಮಾತನ್ನು ಅಲ್ಲಿನ ನ್ಯಾಯಮೂರ್ತಿ ಜಾಕ್ಸನ್ ೧೯೫೩ರಲ್ಲಿಯೇ ಆಡಿದ್ದರು.

ಈಗ ನಮ್ಮ ರಾಮಮೂರ್ತಿಯ ಕಾಗದವನ್ನು ಆ ಜರಡಿಗೆ ಹಾಕಿ ನೋಡೋಣ. ಕೂಲಿ, ಊಟ. ಜೈಲಿನೊಳಗೆ ಮೊದಲು ದೂರು ಕೊಟ್ಟೆಯಾ, ಯಾವ ದಿನ ಕೊಟ್ಟೆ, ಯಾವ ಅಧಿಕಾರಿ ನಿನಗೆ ಏನು ಮಾಡಿದ ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದಿದ್ದರೆ ಅದು ಮೊದಲನೆಯ ಆಟಕ್ಕೇ ಕೆಳಗೆ ಬೀಳುತ್ತಿತ್ತೆಂದು ನನಗೆ ತೋರುತ್ತದೆ. ನಮ್ಮ ೧೯೮೮ರ ಮಾರ್ಗಸೂಚಿಯ ಮುಂದಾದರೂ ಹಿಂಸೆ, ಸಾವುಗಳಷ್ಟು ಗಂಭೀರವಲ್ಲವೆಂದು ಅದನ್ನು ಹೈಕೋರ್ಟಿನ ದಾರಿಗೆ ಹಚ್ಚಿಬಿಡುವ ಸಂಭವವೇ ಹೆಚ್ಚು. ಎರಡು ದೇಶಗಳ ವ್ಯತ್ಯಾಸವನ್ನು ನಾನು ತಿಳಿದಂತೆ ಹೇಳುವುದಾದರೆ: ಅಲ್ಲಿ ಕಾಗದವನ್ನು ನೋಡಿ ಮನುಷ್ಯನನ್ನು ತೀರ್ಮಾನಿಸುತ್ತಾರೆ, ಆದರೆ ಓದುವವರು ನ್ಯಾಯಾಧೀಶರು, ವಜಾ ಮಾಡಿದರೆ ಆಜ್ಞೆ ಬರೆಯಬೇಕು, ಅದರ ಮೇಲೆ ಮೇಲ್ಮನವಿಯುಂಟು. ಇಲ್ಲಿ ಎತ್ತಿಕೊಂಡ ಕಾಗದಕ್ಕೆ ನ್ಯಾಯಾಧೀಶರೇ ಜೈಲಿಗೆ ಹೋಗುವಷ್ಟು ಔದಾರ್ಯ. ಎತ್ತಿಕೊಳ್ಳದ ಕಾಗದ ಕಚೇರಿಯ ಮಟ್ಟದಲ್ಲಿಯೇ ಕಡತ ಸೇರುತ್ತದೆ. ಅಲ್ಲಿನ ಬಿಗಿಯೂ ಇಲ್ಲಿನ ಅದೃಷ್ಟವೂ ಎರಡೂ ಬಂದಿಗೆ ಭದ್ರವಾದ ಆಸರೆಯಲ್ಲ. ಹೋಗಿ ನೋಡುವ ಕ್ರಮ ನಮ್ಮದು, ಕಾರಣ ಬರೆದುಕೊಡುವ ಕ್ರಮ ಅವರದು. ಇವೆರಡೂ ಒಂದೇ ಕಡೆ ಇರಬಾರದೇಕೆ ಎಂಬುದೇ ನನ್ನ ಪ್ರಶ್ನೆ.

ಇದಕ್ಕೂ ಮೊದಲು ಇನ್ನೊಂದು ಜರಡಿಯಿದೆ, ಅದು ಜೈಲಿನೊಳಗೇ ಇದೆ. ಇದಕ್ಕೆ ಸಾಕ್ಷಿಯಾದ ಮೊಕದ್ದಮೆಯ ಸಂಗತಿ ಪದವಿಗಾಗಿ ಕಷ್ಟಪಡುವ ನಮಗೆ ಸ್ವಲ್ಪ ನಗೆಯನ್ನೂ ತರಿಸೀತು. ಹೊಸ್ಕೋಟ್ ಎಂಬ ವಿದ್ವಾಂಸರು ಸೌರಾಷ್ಟ್ರದ ವಿಶ್ವವಿದ್ಯಾನಿಲಯದಲ್ಲಿ ರೀಡರ್ ಆಗಿದ್ದವರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ಹೆಸರಿನ ಮುದ್ರೆಯನ್ನು ಮುಂಬಯಿಯಲ್ಲಿ ಮಾಡಿಸಲು ಹೋಗಿ ಸಿಕ್ಕಿಬಿದ್ದರು! ಕೆಳಗಿನ ಕೋರ್ಟಿನಲ್ಲಿ ಅಲ್ಪಶಿಕ್ಷೆ. ೧೯೭೩ರಲ್ಲಿ ಮುಂಬಯಿ ಹೈಕೋರ್ಟು ಅದನ್ನು ಮೂರು ವರ್ಷಕ್ಕೆ ಏರಿಸಿತು. ಸುಪ್ರೀಂ ಕೋರ್ಟಿಗೆ ಅವರು ಬಂದದ್ದು ನಾಲ್ಕು ವರ್ಷ ತಡವಾಗಿ. ಕಾರಣ, ತೀರ್ಪಿನ ನಕಲು ತಮ್ಮ ಕೈಗೆ ಬರಲಿಲ್ಲವೆಂದರು. ಜೈಲಿನವರು, ಕೊಟ್ಟು ಮತ್ತೆ ಹಿಂದಕ್ಕೆ ತೆಗೆದುಕೊಂಡೆವು, ರಾಜ್ಯಪಾಲರಿಗೆ ಸಲ್ಲಿಸುವ ಕ್ಷಮೆಯ ಅರ್ಜಿಯ ಜೊತೆಗೆ ಇಡಲು ಬೇಕಾಯಿತು ಎಂದರು. ಕೊಟ್ಟದ್ದಕ್ಕೆ ಸಹಿಯಿಲ್ಲ. ೧೯೭೮ರ ಆಗಸ್ಟ್ ೧೭ರ ತೀರ್ಪಿನಲ್ಲಿ ಹೊಸ್ಕೋಟರ ಅರ್ಜಿ ವಜಾ ಆಯಿತು. ಆದರೆ ಬಂದಿಗೆ ತೀರ್ಪಿನ ನಕಲನ್ನು ಉಚಿತವಾಗಿ ಕೊಟ್ಟು ಸಹಿ ಪಡೆಯಬೇಕು, ಮೇಲ್ಮನವಿಗೆ ಬೇಕಾದ ಅನುಕೂಲವನ್ನು ಜೈಲು ಒದಗಿಸಬೇಕು, ಬಡವನಿಗೆ ಸರ್ಕಾರದ ವೆಚ್ಚದಲ್ಲಿ ವಕೀಲರನ್ನು ಕೊಡಬೇಕು ಎಂಬ ನಿಯಮಗಳು ಆ ತೀರ್ಪಿನಿಂದ ಬಂದವು. ವಿಶ್ವವಿದ್ಯಾನಿಲಯದ ರೀಡರಿಗೇ ಒಂದು ನಕಲಿಗಾಗಿ ನಾಲ್ಕು ವರ್ಷವಾದರೆ, ಹೆಬ್ಬೆಟ್ಟೊತ್ತುವ ಬಂದಿಯ ಗತಿಯೇನು?

೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ೧೨ನೆಯ ಕಲಮಿನಂತೆ ಬಂಧನದಲ್ಲಿರುವ ಯಾವನೇ ಆಗಲಿ, ಅವನ ವರಮಾನ ಎಷ್ಟೇ ಇರಲಿ, ಉಚಿತ ವಕೀಲರ ನೆರವಿಗೆ ಹಕ್ಕುಳ್ಳವನು. ಜೈಲುಗಳಲ್ಲಿ ಕಾನೂನು ನೆರವಿನ ಕೇಂದ್ರಗಳಿವೆ. ಬಂದಿಗಳಲ್ಲಿಯೇ ಓದುಬರಹ ಬಲ್ಲವರನ್ನು ಆರಿಸಿ ತರಬೇತು ಕೊಟ್ಟು ಉಳಿದವರಿಗೆ ನೆರವಾಗುವಂತೆ ಮಾಡುವ ಏರ್ಪಾಡೂ ಇದೆ. ನಮ್ಮ ಶಿವಮೊಗ್ಗದ ಕೇಂದ್ರ ಕಾರಾಗೃಹ ಊರ ಹೊರಗಿನ ಸೋಗಾನೆಯಲ್ಲಿದೆ. ಊರ ನಡುವಿನ ಹಳೆಯ ಜೈಲಿನ ಜಾಗ ಈಗ ಸಭೆ ಸಮಾರಂಭಗಳ ಮೈದಾನವಾಗಿದೆ. ಜೈಲು ಊರ ನಡುವೆ ಇದ್ದಾಗ ಅದರ ಗೋಡೆಯನ್ನಾದರೂ ಜನ ದಿನವೂ ನೋಡುತ್ತಿದ್ದರು. ಈಗ ಕಾಗದ ಬರದಿದ್ದರೆ ಒಳಗಿನ ಸುದ್ದಿಯೇ ಇಲ್ಲ.

ಕಾಗದ ಬರಬೇಕಾದರೆ ಅದನ್ನು ಹಾಕಲು ಒಂದು ಪೆಟ್ಟಿಗೆ ಬೇಕು. ೧೯೭೯ರ ಡಿಸೆಂಬರಿನ ಸುನಿಲ್ ಬಾತ್ರಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಆಜ್ಞೆಯಾಗಿಯೇ ಹೇಳಿತು: ಜಿಲ್ಲಾ ಮ್ಯಾಜಿಸ್ಟ್ರೇಟರ ಮತ್ತು ಸೆಷನ್ಸ್ ನ್ಯಾಯಾಧೀಶರ ಅಧೀನದಲ್ಲಿ ದೂರಿನ ಪೆಟ್ಟಿಗೆಗಳಿರಬೇಕು, ಅವುಗಳನ್ನು ಆಗಾಗ ತೆರೆದು ಕ್ರಮ ಕೈಗೊಳ್ಳಬೇಕು, ಎಲ್ಲ ಬಂದಿಗಳ ಕೈಗೂ ಅವು ಎಟುಕುವಂತಿರಬೇಕು. ಹದಿನೇಳು ವರ್ಷಗಳ ಮೇಲೆ, ೧೯೯೬ರ ರಾಮಮೂರ್ತಿಯ ತೀರ್ಪಿನ ಕೊನೆಯಲ್ಲಿರುವ ಸೂಚನೆಗಳ ಪಟ್ಟಿಯಲ್ಲಿ ಅದೇ ಪೆಟ್ಟಿಗೆ ಮತ್ತೆ ಕಾಣಿಸಿಕೊಳ್ಳುತ್ತದೆ. ಈ ಸಲ ಅಲ್ಲಿರುವುದು, ಎಲ್ಲ ಜೈಲುಗಳಲ್ಲಿಯೂ ದೂರಿನ ಪೆಟ್ಟಿಗೆಯ ಅಗತ್ಯವಿದೆಯೇ ಎಂಬುದನ್ನು ಸರ್ಕಾರಗಳು ಆಲೋಚಿಸಬೇಕು ಎಂದು.